ಅಂಗಡಿ ಬೆಕ್ಕಿಗೆ ಸಕ್ಕರೆ ಕಾಯಿಲೆ: ಆಹಾರ, ಅಳತೆ ಮತ್ತು ಒಂದು ತಪ್ಪು ಲೆಕ್ಕ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಇನ್‌ಪುಟ್ ತೆರಿಗೆ ಜಮೆ, ಲೆಕ್ಕಪರಿಶೋಧನೆಯ ಗಡುವು, ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿ ಮುಂತಾದ ವಿಷಯಗಳನ್ನು. ಈ ಬಾರಿ ಬೆಕ್ಕಿನ ಬಗ್ಗೆ ಬರೆಯುತ್ತಿದ್ದೇನೆಂದು ತಿಳಿದಾಗ ನಮ್ಮ ಹಿರಿಯ ಸದಸ್ಯರೊಬ್ಬರು, "ಏನ್ ಆಡಿಟರೇ, ಬೆಕ್ಕಿಗೂ ಶುಗರ್ ಬರ್ತದಾ?" ಎಂದು ನಕ್ಕರು. ಬರುತ್ತದೆ. ಅವರ ದಲ್ಲಾಳಿ ಅಂಗಡಿಯಲ್ಲಿಯೂ ತಕ್ಕಡಿಯ ಪಕ್ಕದಲ್ಲಿ ಒಂದು ದಪ್ಪನೆಯ ಬೆಕ್ಕು ಮಲಗಿರುವುದನ್ನು ನಾನು ಕಂಡಿರುವುದರಿಂದ, ಈ ಲೇಖನವನ್ನು ಅವರು ಓದಲೇಬೇಕೆಂದು ಅಂದೇ ತಿಳಿಸಿದ್ದೇನೆ.

ದಾವಣಗೆರೆಯ ವ್ಯಾಪಾರಕ್ಕೂ ಬೆಕ್ಕಿಗೂ ಹಳೆಯ ನಂಟು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ, ಅದನ್ನು ಅಕ್ಕಿ ಮಾಡುವ ಗಿರಣಿಗಳು, ಮೆಕ್ಕೆಜೋಳದ ರಾಶಿಗಳು, ಮಂಡಕ್ಕಿ ಭಟ್ಟಿಗಳು, ಮಂಡಿಪೇಟೆಯ ಗೋದಾಮುಗಳು; ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಇಲಿ ತಿನ್ನುವ ಕಾಳಿಗಿಂತ ಅದು ಕತ್ತರಿಸುವ ಚೀಲಗಳ ನಷ್ಟವೇ ಹೆಚ್ಚೆಂಬುದು ಗೋದಾಮು ಇಟ್ಟವರಿಗೆಲ್ಲ ತಿಳಿದ ವಿಷಯ. ನಮ್ಮ ತಂದೆಯವರ ಕಾಳಿನ ಅಂಗಡಿಯಲ್ಲಿಯೂ ತಲೆಮಾರುಗಳಿಂದ ಬೆಕ್ಕುಗಳಿದ್ದವು. ಅವುಗಳಿಗೆ ಸಂಬಳವಿರಲಿಲ್ಲ, ಬೆಳಿಗ್ಗೆ ಒಂದು ಬಟ್ಟಲು ಹಾಲು ಮಾತ್ರ. ಉಳಿದ ಹೊಟ್ಟೆಯನ್ನು ಅವು ತಾವೇ ದುಡಿದು ತುಂಬಿಕೊಳ್ಳುತ್ತಿದ್ದವು.

ಆ ಸಾಲಿನ ಕೊನೆಯದು ಕೆಂಚ. 2012ರಲ್ಲಿ ಗೋಣಿಚೀಲಗಳ ನಡುವೆ ಹುಟ್ಟಿದ ಕೆಂಪು ಗಂಡು ಬೆಕ್ಕು. 2018ರಲ್ಲಿ ತಂದೆಯವರು ಅಂಗಡಿಯನ್ನು ಮುಚ್ಚಿದಾಗ ದಾಸ್ತಾನನ್ನು ವಿಲೇವಾರಿ ಮಾಡಿದೆವು, ತಕ್ಕಡಿಯನ್ನು ಮಾರಿದೆವು. ಕೆಂಚನನ್ನು ಮನೆಗೆ ತಂದೆವು. ನನ್ನ ಕಚೇರಿ ಇರುವುದು ಮನೆಯ ಕೆಳಗಿನ ಅಂತಸ್ತಿನಲ್ಲಿಯೇ. ಅಲ್ಲಿ ಇಲಿಗಳಿಲ್ಲ, ಓಟವಿಲ್ಲ. ಕಡತಗಳ ಮೇಲೆ ಮಲಗುವುದು, ಬಂದ ಕಕ್ಷಿದಾರರ ಬಿಸ್ಕತ್ತಿನಲ್ಲಿ ಪಾಲು ಪಡೆಯುವುದು, ಮಧ್ಯಾಹ್ನ ಹಾಲನ್ನ, ಸಂಜೆ ಮಂಡಕ್ಕಿ, ಭಾನುವಾರ ಬೆಣ್ಣೆ ದೋಸೆಯ ತುಂಡು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದ್ದೆವು. ನಾಲ್ಕೂವರೆ ಕಿಲೋ ಇದ್ದ ಪ್ರಾಣಿ ನಾಲ್ಕು ವರ್ಷಗಳಲ್ಲಿ ಏಳು ಕಿಲೋ ಮುಟ್ಟಿತು. ಬಂದವರೆಲ್ಲ "ಎಷ್ಟು ಚೆನ್ನಾಗಿ ಸಾಕಿದ್ದೀರಿ" ಎನ್ನುತ್ತಿದ್ದರು. ನಾವೂ ಹಿಗ್ಗುತ್ತಿದ್ದೆವು.

ರೋಗವನ್ನು ಮೊದಲು ಗುರುತಿಸಿದವರು ನಮ್ಮ ತಾಯಿಯವರು. 2022ರ ಡಿಸೆಂಬರ್‌ನಲ್ಲಿ ಕೆಂಚ ಬಚ್ಚಲಿನ ಬಕೆಟ್ಟಿಗೆ ಬಾಯಿಟ್ಟು ನೀರು ಕುಡಿಯತೊಡಗಿತ್ತು. ಅದರ ಮರಳಿನ ತಟ್ಟೆ ದಿನಕ್ಕೆರಡು ಬಾರಿ ಒದ್ದೆಯಾಗುತ್ತಿತ್ತು. ಎರಡು ಪಾಲು ತಿಂದರೂ ಬೆನ್ನೆಲುಬು ಕೈಗೆ ಸಿಗುವಂತಾಗಿತ್ತು. ಒಂದು ಬೆಳಿಗ್ಗೆ ಆ ಮರಳಿಗೆ ಇರುವೆ ಸಾಲುಗಟ್ಟಿ ಮುತ್ತಿದ್ದನ್ನು ಕಂಡು ತಾಯಿಯವರು ನನ್ನನ್ನು ಕರೆದು, "ತಮ್ಮಾ, ಇದಕ್ಕೂ ನನ್ನ ರೋಗಾನೇ ಬಂದೈತಿ ನೋಡು" ಎಂದರು. ಅವರಿಗೆ ಇಪ್ಪತ್ತು ವರ್ಷಗಳಿಂದ ಮಧುಮೇಹ. ಮೂತ್ರಕ್ಕೆ ಇರುವೆ ಮುತ್ತುವುದೇ ಈ ರೋಗದ ಗುರುತೆಂದು ನಮ್ಮ ಹಳೆಯ ವೈದ್ಯ ಪದ್ಧತಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ನಂಬಲಿಲ್ಲ. ಮುಂದಿನ ವಾರ ಅದು ಮೇಜಿಗೆ ನೆಗೆಯಲಾರದೆ ಜಾರಿ ಬಿದ್ದು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ನಡೆಯತೊಡಗಿದಾಗ ಪಶುವೈದ್ಯರ ಬಳಿಗೆ ಒಯ್ದೆ. ಹೀಗೆ ಹಿಮ್ಮಡಿಯೂರಿ ನಡೆಯುವುದು ಹೆಚ್ಚಿದ ಸಕ್ಕರೆಯಿಂದ ನರಗಳಿಗಾದ ಹಾನಿಯ ಲಕ್ಷಣವಾಗಿರಬಹುದೆಂದು ಅವರು ತಿಳಿಸಿದರು.

ರಕ್ತದಲ್ಲಿ ಸಕ್ಕರೆ 412 ಮಿಲಿಗ್ರಾಂ. ಆರೋಗ್ಯವಂತ ಬೆಕ್ಕಿನಲ್ಲಿ ಇದು ಸುಮಾರು 80ರಿಂದ 120ರ ಒಳಗಿರುತ್ತದೆ. ಆದರೂ ವೈದ್ಯರು ಒಂದೇ ಅಂಕಿಯ ಮೇಲೆ ತೀರ್ಮಾನ ಕೊಡಲಿಲ್ಲ. ಹೆದರಿದ ಬೆಕ್ಕಿನಲ್ಲಿ ರೋಗವಿಲ್ಲದಿದ್ದರೂ ಸಕ್ಕರೆ ಏರಿಬಿಡುತ್ತದೆ. ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ತಂದು, ನಾಯಿಗಳ ನಡುವೆ ಕೂರಿಸಿದ ಬೆಕ್ಕಿನ ರಕ್ತ ಸತ್ಯ ಹೇಳುವುದಿಲ್ಲ. ಆದುದರಿಂದ ಮೂತ್ರದಲ್ಲಿಯೂ ಸಕ್ಕರೆಯನ್ನು ಪರೀಕ್ಷಿಸಿ, ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ತೋರಿಸುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳುಹಿಸಿದರು. ಅಂತಿಮ ದಿನದ ಶಿಲ್ಕನ್ನು ನೋಡಿ ವರ್ಷದ ವ್ಯವಹಾರವನ್ನು ಅಳೆಯಬಾರದೆಂದು ಕಕ್ಷಿದಾರರಿಗೆ ಹೇಳುವ ನನಗೆ ಈ ಮಾತು ತಕ್ಷಣ ಅರ್ಥವಾಯಿತು. ವರದಿ ಬಂದ ಮೇಲೆ, 2023ರ ಜನವರಿಯಲ್ಲಿ, ಇನ್ಸುಲಿನ್ ಗ್ಲಾರ್ಜಿನ್ ದಿನಕ್ಕೆರಡು ಬಾರಿ ಒಂದೊಂದು ಯೂನಿಟ್ ಆರಂಭವಾಯಿತು. ಜೊತೆಗೆ ವೈದ್ಯರು ಹೇಳಿದ ಇನ್ನೊಂದು ಮಾತು: "ಅನ್ನ, ಬಿಸ್ಕತ್ತು, ಮಂಡಕ್ಕಿ ನಿಲ್ಲಿಸಿ."

ಸೂಜಿಯನ್ನು ನಾನು ಒಪ್ಪಿಕೊಂಡೆ. ಆಹಾರದ ಮಾತನ್ನು ಅರ್ಧಕ್ಕೆ ಕೇಳಿಸಿಕೊಂಡೆ.

ಬೆಕ್ಕಿನ ಒಡಲು, ನಮ್ಮ ಅಡುಗೆಮನೆ

ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ನಾಯಿಯಂತೆ, ಮನುಷ್ಯನಂತೆ ಅದು ಹೊಂದಿಕೊಳ್ಳಲಾರದು. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದವರು 2005ರಲ್ಲಿ ಪ್ರಕಟಿಸಿದಂತೆ, ಸಿಹಿಯನ್ನು ಗುರುತಿಸಲು ಬೇಕಾದ ಒಂದು ವಂಶವಾಹಿ ಬೆಕ್ಕಿನ ಕುಲದಲ್ಲಿಯೇ ಕೆಟ್ಟುಹೋಗಿದೆ. ನಾವು ಪ್ರೀತಿಯಿಂದ ಕೊಡುವ ಪೇಡೆಯ ಸಿಹಿ ಅದಕ್ಕೆ ತಿಳಿಯುವುದೇ ಇಲ್ಲ; ಅದು ಬಯಸುವುದು ಅದರಲ್ಲಿರುವ ಹಾಲಿನ ಕೊಬ್ಬನ್ನು. ಒಂದೇ ಬಾರಿಗೆ ಬಂದ ಹೆಚ್ಚಿನ ಸಕ್ಕರೆಯನ್ನು ಬೇಗ ವಿಲೇವಾರಿ ಮಾಡುವ ಕಿಣ್ವವೂ ಅದರ ಯಕೃತ್ತಿನಲ್ಲಿ ಬಹಳ ಕಡಿಮೆ. ಬೇಟೆಯಾಡಿ ಬದುಕುವ ಬೆಕ್ಕುಗಳ ಆಹಾರದಲ್ಲಿ ಪಿಷ್ಟ ಮತ್ತು ಸಕ್ಕರೆಯಿಂದ ಬರುವ ಶಕ್ತಿ ನೂರಕ್ಕೆ ಎರಡರ ಆಸುಪಾಸು ಮಾತ್ರವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮಂಡಕ್ಕಿಯಾದರೋ ಬಹುತೇಕ ಪಿಷ್ಟವೇ. ಗೋದಾಮಿನ ಇಲಿಯಿಂದ ಕಚೇರಿಯ ಮಂಡಕ್ಕಿಗೆ ಬಂದ ಕೆಂಚ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿತ್ತು.

ಪೇಟೆಯಲ್ಲಿ ದೊರೆಯುವ ಬೆಕ್ಕಿನ ಒಣ ಆಹಾರವೂ ಇದಕ್ಕೆ ಪೂರ್ಣ ಪರಿಹಾರವಾಗದು. ಕಾಳಿನಾಕಾರದ ಆ ತಿಂಡಿಗೆ ರೂಪ ಕೊಡಲು ಪಿಷ್ಟ ಬೇಕೇ ಬೇಕು. ಹಲವು ತಯಾರಿಕೆಗಳಲ್ಲಿ ಅದು ಮೂರನೆಯ ಒಂದು ಪಾಲಿನಷ್ಟಿರುತ್ತದೆ. ಚೀಲದ ಮೇಲೆ ಪ್ರೋಟೀನು, ಕೊಬ್ಬು, ತೇವಾಂಶ, ಬೂದಿ, ನಾರು ಎಂದು ಮುದ್ರಿಸಿರುತ್ತಾರೆ. ಪಿಷ್ಟವನ್ನು ಎಷ್ಟೋ ಸಲ ಮುದ್ರಿಸುವುದಿಲ್ಲ. ಈ ಐದನ್ನೂ ಕೂಡಿಸಿ ನೂರರಿಂದ ಕಳೆದರೆ ಉಳಿಯುವುದೇ ಸರಿಸುಮಾರು ಪಿಷ್ಟ. ನಮ್ಮ ವೃತ್ತಿಯವರಿಗೆ ಇಂತಹ ಶೇಷ ಮೊತ್ತಗಳನ್ನು ಹುಡುಕುವ ಚಾಳಿ ಇರುತ್ತದೆ, ಅಂಗಡಿಯವನು ಬೇಸರಪಟ್ಟುಕೊಂಡರೂ ನಾನು ನಾಲ್ಕು ಚೀಲಗಳ ಲೆಕ್ಕವನ್ನು ಅಲ್ಲಿಯೇ ನಿಂತು ಮಾಡಿದೆ. ತೇವಾಂಶವುಳ್ಳ ಡಬ್ಬಿಯ ಆಹಾರಗಳಲ್ಲಿ ಪಿಷ್ಟ ಬಹಳ ಕಡಿಮೆ. ಬೆಲೆ ಮಾತ್ರ ಹೆಚ್ಚು.

ಇಲ್ಲಿ ನಮ್ಮ ಮನೆಯ ತೊಡಕನ್ನೂ ಹೇಳಬೇಕು. ನಮ್ಮದು ಶಾಖಾಹಾರಿ ಮನೆ. ಈ ಪತ್ರಿಕೆಯ ಓದುಗರಲ್ಲಿ ಅನೇಕರ ಮನೆಯೂ ಹಾಗೆಯೇ. ಮೊಟ್ಟೆ ಸಹ ಒಳಗೆ ಬಂದಿರದ ಅಡುಗೆಮನೆಯಲ್ಲಿ ಕೋಳಿಮಾಂಸ ಬೇಯಿಸುವುದಾದರೂ ಹೇಗೆ? ಎರಡು ತಿಂಗಳು ನಾನು ಇದೇ ನೆವದಲ್ಲಿ ಕಳೆದೆ. ಅನ್ನವನ್ನು ಕಡಿಮೆ ಮಾಡಿ ಹಾಲನ್ನು ಹೆಚ್ಚಿಸಿದೆ. ಹಾಲಿನಲ್ಲಿಯೂ ಸಕ್ಕರೆಯ ಅಂಶವಿರುವುದನ್ನು ಮರೆತೆ. ಪನೀರು ಕೊಟ್ಟೆ. ಸಕ್ಕರೆ ಇಳಿಯಲಿಲ್ಲ. ವೈದ್ಯರು ಇನ್ಸುಲಿನ್ನನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರು ಯೂನಿಟ್ಟಿಗೆ ಏರಿಸುತ್ತ ಹೋದರು. ಕೊನೆಗೆ ಈ ಗಂಟನ್ನು ಬಿಡಿಸಿದವರೂ ತಾಯಿಯವರೇ. "ಅಂಗಡ್ಯಾಗ ಇಲಿ ತಿಂದಾಗ ಭೇಷ್ ಅಂತ ಹಾಲು ಹಾಕಿದವರು ಯಾರು? ನಾವೇ ಅಲ್ಲೇನು? ಈಗ ಅದರ ಊಟ ಅದಕ್ಕ ಕೊಡ್ರಿ" ಎಂದರು. ಮಾಳಿಗೆಯ ಮೇಲೆ ಒಂದು ಸಣ್ಣ ಒಲೆ, ಒಂದು ಪಾತ್ರೆ, ಒಂದು ಚಾಕು ಬೇರೆಯಾಗಿ ಇಡಲಾಯಿತು. ಕಚೇರಿಯ ಹುಡುಗ ಬೇಯಿಸುವ ಹೊಣೆ ಹೊತ್ತ.

ಬೇಯಿಸುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಅವು ಅದರ ರಕ್ತಕಣಗಳನ್ನು ಒಡೆಯುತ್ತವೆ. ಹೀಗಾಗಿ ಹೋಟೆಲಿನಿಂದ ತಂದ ಸಾರಿನ ತುಂಡುಗಳನ್ನು ತೊಳೆದು ಹಾಕುವುದೂ ಸಲ್ಲದು. ಮಾಂಸವನ್ನು ಉಪ್ಪು, ಮಸಾಲೆ ಇಲ್ಲದೆ ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಸೇರಿಸಿ ಕೊಡಬೇಕು. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಅತ್ಯವಶ್ಯವಾದ ಟೌರಿನ್ ಎಂಬ ಅಂಶ ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಅದರ ಕೊರತೆಯಿಂದ ಬೆಕ್ಕುಗಳ ಹೃದಯ ಸೋಲುತ್ತದೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಬರೀ ಮಾಂಸದಲ್ಲಿ ಸುಣ್ಣದ ಅಂಶವೂ ಸಾಲದು. ಆದುದರಿಂದ ಮನೆಯಡುಗೆಯನ್ನೇ ನೆಚ್ಚುವವರು ಟೌರಿನ್, ಕ್ಯಾಲ್ಸಿಯಂ ಪೂರಕಗಳನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಹರಿಹರದ ಕಡೆ ಹೋದಾಗ ತುಂಗಭದ್ರೆಯ ಮೀನು ಸಿಕ್ಕರೆ ತರುತ್ತೇನೆ. ಮುಳ್ಳು ತೆಗೆದು, ಚೆನ್ನಾಗಿ ಬೇಯಿಸಿಯೇ ಹಾಕಬೇಕು. ಇನ್ನೊಂದು ಮುಖ್ಯ ಮಾತು: ದಪ್ಪ ಬೆಕ್ಕನ್ನು ತೆಳ್ಳಗೆ ಮಾಡುವ ಆತುರದಲ್ಲಿ ಉಪವಾಸ ಕೆಡವಬಾರದು. ಎರಡು ಮೂರು ದಿನ ತಿನ್ನದ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ. ತೂಕ ವಾರಕ್ಕೆ ನೂರಕ್ಕೆ ಒಂದರ ಆಸುಪಾಸು ಇಳಿದರೆ ಸಾಕು. ಸೋಮವಾರದ ಒಪ್ಪೊತ್ತು ಮನೆಯವರಿಗಷ್ಟೇ ಇರಲಿ.

ಹರಿಹರದಲ್ಲಿ ಕಲಿತ ಅಳತೆ

ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರಾಗಿದ್ದ ಹರಿಹರದಲ್ಲಿ, ಆ ಕಾರ್ಖಾನೆ ನಿಂತ ಮೇಲೂ ಅಲ್ಲಿ ಕೈಪಳಗಿದವರ ಸಣ್ಣ ಘಟಕಗಳು ಉಳಿದಿವೆ. ಅಂತಹ ಒಂದು ಘಟಕವನ್ನು ನಡೆಸುವ ನನ್ನ ಕಕ್ಷಿದಾರರೊಬ್ಬರು ಸ್ವತಃ ಮಧುಮೇಹಿಗಳು. ಅವರ ಮೇಜಿನ ಮೇಲೆ ಒಂದು ಕಡೆ ಮೈಕ್ರೋಮೀಟರ್, ಇನ್ನೊಂದು ಕಡೆ ಗ್ಲುಕೋಮೀಟರ್ ಇರುತ್ತದೆ. ಕೆಂಚನ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಡೋಸ್ ಏರಿಸ್ತಾ ಇದ್ದೀರಿ, ಸರಿ. ಅಳತೆ ಎಲ್ಲಿ ಬರೆದಿದ್ದೀರಿ?" ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ, ಹೆದರಿದ ಬೆಕ್ಕಿನಿಂದ ತೆಗೆದ ಒಂದು ಅಂಕಿಯಷ್ಟೇ ನಮ್ಮ ದಾಖಲೆಯಾಗಿತ್ತು.

ರೋಗಿ ತನ್ನ ಮನೆಯಲ್ಲಿ ತಾನೇ ಸಕ್ಕರೆ ಅಳೆಯುವ ಪದ್ಧತಿ ಇಂದು ಎಲ್ಲರಿಗೂ ಸಹಜ. ಇದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಒಬ್ಬರು ವೈದ್ಯರಲ್ಲ, ಒಬ್ಬ ಎಂಜಿನಿಯರ್ ಎಂಬುದು ನಮ್ಮ ಕೈಗಾರಿಕಾ ಮಿತ್ರರಿಗೆ ಸಂತೋಷ ಕೊಡಬಹುದು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ 1969ರಲ್ಲಿ, ಆಸ್ಪತ್ರೆಗಳಿಗಾಗಿ ತಯಾರಾಗಿದ್ದ 650 ಡಾಲರಿನ ಯಂತ್ರವೊಂದನ್ನು, ರೋಗಿಗಳಿಗೆ ಮಾರುವುದಿಲ್ಲವೆಂದಾಗ ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ತರಿಸಿಕೊಂಡು ದಿನಕ್ಕೆ ಹಲವು ಬಾರಿ ತನ್ನದೇ ರಕ್ತವನ್ನು ಅಳೆಯತೊಡಗಿದರು. ತಮ್ಮ ಮಾತನ್ನು ವೈದ್ಯಲೋಕ ಕೇಳದಿದ್ದಾಗ ನಡುವಯಸ್ಸಿನಲ್ಲಿ ತಾವೇ ವೈದ್ಯಕೀಯ ಓದಿ ವೈದ್ಯರಾದರು.

ಬೆಕ್ಕಿನಲ್ಲಿ ಚುಚ್ಚುವ ಜಾಗ ಕಿವಿಯ ಅಂಚು. ಕಿವಿಯ ಹೊರ ಅಂಚಿನಗುಂಟ ಒಂದು ಸಣ್ಣ ರಕ್ತನಾಳ ಓಡುತ್ತದೆ; ದೀಪದ ಎದುರು ಹಿಡಿದರೆ ಕಾಣುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಕಿವಿಗೆ ಒತ್ತಿ ಬೆಚ್ಚಗೆ ಮಾಡಿ, ಹಿಂದುಗಡೆ ಮಡಚಿದ ಹತ್ತಿಯನ್ನು ಆಸರೆಯಾಗಿಟ್ಟು, ನಾಳಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಸಾಸಿವೆ ಕಾಳಿನಷ್ಟು ರಕ್ತ ಬಂದರೆ ಸ್ಟ್ರಿಪ್ಪು ಹೀರಿಕೊಳ್ಳುತ್ತದೆ. ಅನಂತರ ಹತ್ತಿಯಿಂದ ಒಂದು ನಿಮಿಷ ಒತ್ತಿ ಹಿಡಿದು, ಬೆಂದ ಕೋಳಿಯ ಒಂದು ಚೂರು ಕೊಡಬೇಕು. ಮೊದಲ ವಾರ ಐದು ಸಲ ಚುಚ್ಚಿದರೆ ಒಂದು ಸಲ ರಕ್ತ ಬರುತ್ತಿತ್ತು, ನನ್ನ ಕೈ ನಡುಗುತ್ತಿತ್ತು, ಬೆಕ್ಕಿನ ರಕ್ತಕ್ಕಿಂತ ಹೆಚ್ಚಾಗಿ ನನ್ನದೇ ಹರಿಯಿತೆಂದರೂ ಸುಳ್ಳಲ್ಲ. ಮೂರನೆಯ ವಾರಕ್ಕೆ ಕೆಂಚ ಡಬ್ಬಿಯ ಸದ್ದು ಕೇಳಿದರೆ ತಾನೇ ಬಂದು ಕುಳಿತುಕೊಳ್ಳುತ್ತಿತ್ತು. ಕಿವಿಗಾಗಿ ಬರುತ್ತಿರಲಿಲ್ಲ, ಕೋಳಿಗಾಗಿ ಬರುತ್ತಿತ್ತು.

ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದು ಸಾಮಾನ್ಯ. ನಮ್ಮ ರಕ್ತದಲ್ಲಿ ಸಕ್ಕರೆ ಕೆಂಪುಕಣಗಳಲ್ಲಿಯೂ ಗಣನೀಯವಾಗಿ ಇರುತ್ತದೆ, ಬೆಕ್ಕಿನಲ್ಲಿ ಬಹುಪಾಲು ಕಣಗಳ ಹೊರಗಿನ ದ್ರವದಲ್ಲಿರುತ್ತದೆ. ಪ್ರಾಣಿಗಳಿಗೆಂದೇ ಹೊಂದಿಸಿದ ಮೀಟರುಗಳಿವೆ, ಆದರೆ ಅವುಗಳ ಸ್ಟ್ರಿಪ್ಪು ದುಬಾರಿ. ನಾನು ತಾಯಿಯವರ ಮೀಟರನ್ನೇ ಬಳಸಿದೆ. ಒಂದೇ ಮೀಟರು, ಒಂದೇ ಕಂಪನಿಯ ಸ್ಟ್ರಿಪ್ಪು, ಮತ್ತು ಯಾವ ಮೀಟರಿನ ಅಂಕಿಯೆಂಬುದು ವೈದ್ಯರಿಗೆ ತಿಳಿದಿರಬೇಕು, ಅಷ್ಟೇ. ಬೆಳಿಗ್ಗೆ ಊಟ ಮತ್ತು ಸೂಜಿಯ ಮೊದಲು ಒಂದು, ಸಂಜೆ ಮೊದಲು ಒಂದು. ಇನ್ಸುಲಿನ್ ಎಷ್ಟು ಆಳಕ್ಕೆ ಇಳಿಸುತ್ತದೆಂದು ತಿಳಿಯಲು ನಡುವೆ, ಸೂಜಿಯಾದ ನಾಲ್ಕರಿಂದ ಎಂಟು ಗಂಟೆಗಳೊಳಗೆ, ಆಗಾಗ ಒಂದು. ಇವನ್ನು ಬರೆಯಲು ನಾನು ಆರಿಸಿಕೊಂಡದ್ದು ತಂದೆಯವರ ಅಂಗಡಿಯಲ್ಲಿ ಉಳಿದಿದ್ದ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ. ಸಮಯ, ಅಂಕಿ, ತಿಂದದ್ದು, ಯೂನಿಟ್ಟು, ಷರಾ.

ಒಂದು ದಿನ ಅಂಕಿ 300, ಮರುದಿನ 190, ಅದರ ಮರುದಿನ 340. ಪ್ರತಿ ಅಂಕಿಗೂ ನನ್ನ ಮನಸ್ಸು ಡೋಸನ್ನು ಬದಲಿಸಲು ತುಡಿಯುತ್ತಿತ್ತು. ಹರಿಹರದವರು ತಡೆದರು. "ಆಡಿಟರ್ ಸಾಹೇಬ್ರೆ, ಒಂದು ಪೀಸು ಅಳೆದು ಲೇತಿನ ಸೆಟ್ಟಿಂಗ್ ತಿರುವಿದ್ರೆ ದಿನದ ಮಾಲೆಲ್ಲ ಗುಜರಿಗೆ ಹೋಗ್ತದೆ. ಹತ್ತು ಪೀಸು ಅಳೀರಿ, ಯಾವ ಕಡೆ ವಾಲ್ತಾ ಇದೆ ನೋಡ್ರಿ." ಗ್ಲಾರ್ಜಿನ್‌ನಂತಹ ದೀರ್ಘಕಾಲದ ಇನ್ಸುಲಿನ್ನಿಗೆ ಇದು ಚೆನ್ನಾಗಿ ಒಪ್ಪುವ ಮಾತೆಂದು ಪಶುವೈದ್ಯರೂ ಹೇಳಿದರು. ಅಂಕಿ ಮೇಲಿದ್ದಾಗ ಹಲವು ದಿನ ಕಾಯಬಹುದು. ಅಂಕಿ ತೀರ ಕೆಳಗಿಳಿದರೆ ಮಾತ್ರ ಒಂದು ಗಳಿಗೆಯೂ ಕಾಯುವಂತಿಲ್ಲ. ಈ ಎರಡನೆಯ ಭಾಗವನ್ನು ನಾನು ಕಲಿತ ಬಗೆ ಹೀಗೆ.

ಮಾರ್ಚ್ ತಿಂಗಳ ತಪ್ಪು

ಮಾಳಿಗೆಯ ಒಲೆ ಆರಂಭವಾದದ್ದು 2023ರ ಮಾರ್ಚ್ ಮೂರನೆಯ ವಾರ, ಒಂದು ಭಾನುವಾರ. ಕಾಯುತ್ತ ಕುಳಿತ ಎರಡು ತಿಂಗಳ ಪಶ್ಚಾತ್ತಾಪದಲ್ಲಿ ನಾನು ಒಂದೇ ದಿನಕ್ಕೆ ಎಲ್ಲವನ್ನೂ ಬದಲಿಸಿದೆ. ಹಾಲನ್ನ, ಬಿಸ್ಕತ್ತು, ಮಂಡಕ್ಕಿ ಎಲ್ಲವೂ ಬಂದ್. ಬೆಳಿಗ್ಗೆ ಬೆಂದ ಮೊಟ್ಟೆ ಮತ್ತು ಕೋಳಿ, ಸಂಜೆ ಕೋಳಿ. ಕೆಂಚ ತಟ್ಟೆಯನ್ನು ನೆಕ್ಕಿ ನೆಕ್ಕಿ ಹೊಳೆಯಿಸಿತು. ಇನ್ಸುಲಿನ್ ಮಾತ್ರ ಹಳೆಯ ಮೂರು ಯೂನಿಟ್ಟೇ ಮುಂದುವರಿಯಿತು. ಆ ಮೂರು ಯೂನಿಟ್ಟು ನಿಗದಿಯಾದದ್ದು ಹಾಲನ್ನದ ಲೆಕ್ಕಕ್ಕೆ ಎಂಬುದು ನನಗೆ ಹೊಳೆಯಲಿಲ್ಲ. ಆಹಾರ ಬದಲಿಸುತ್ತೇನೆಂದು ವೈದ್ಯರಿಗೆ ಒಂದು ಫೋನು ಮಾಡಲಿಲ್ಲ. ಮಾರ್ಚ್ ತಿಂಗಳು, ಕಚೇರಿಯಲ್ಲಿ ವರ್ಷಾಂತ್ಯದ ಗಡಿಬಿಡಿ, ಎರಡು ದಿನ ಅಳತೆಯನ್ನೂ ತಪ್ಪಿಸಿದೆ. ಕಿರ್ದಿಯಲ್ಲಿ ಆ ಎರಡು ಸಾಲು ಇಂದಿಗೂ ಖಾಲಿ ಇವೆ.

ಬುಧವಾರ ರಾತ್ರಿ ಎಂಟರ ಹೊತ್ತಿಗೆ ಕೆಂಚ ಕಪಾಟಿನ ಕೆಳಗಿನಿಂದ ಹೊರಬಂದು, ಕುಡಿದವರಂತೆ ತೂರಾಡಿ, ಗೋಡೆಗೆ ಒರಗಿ ಕುಸಿಯಿತು. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ತಾಯಿಯವರು, "ಶುಗರ್ ಇಳಿದೈತಿ, ಸಕ್ರಿ ತಗೊಂಬಾ" ಎಂದು ಕೂಗಿದರು; ಆ ಸ್ಥಿತಿಯನ್ನು ಅವರು ತಮ್ಮ ಮೈಯಲ್ಲಿಯೇ ಕಂಡವರು. ಮೀಟರು 41 ತೋರಿಸಿತು. ಜೇನುತುಪ್ಪವನ್ನು ಬೆರಳಿನಿಂದ ಒಸಡಿಗೆ, ತುಟಿಯ ಒಳಗೆ ಸವರಿದೆವು. ಪ್ರಜ್ಞೆ ಮಂಕಾದ ಪ್ರಾಣಿಯ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಒಸಡಿಗೆ ಸವರುವುದೇ ಸರಿಯಾದ ಕ್ರಮ. ಹತ್ತು ನಿಮಿಷಕ್ಕೆ 58. ಅಷ್ಟರಲ್ಲಿ ಫೋನಿನಲ್ಲಿ ಸಿಕ್ಕ ಪಶುವೈದ್ಯರು ತಮ್ಮ ಮನೆಗೇ ಕರೆಸಿಕೊಂಡು ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟರು. ರಾತ್ರಿಯಿಡೀ ಗಂಟೆಗೊಮ್ಮೆ ಅಳೆದೆವು, ಏಕೆಂದರೆ ಒಳಗಿದ್ದ ಇನ್ಸುಲಿನ್ನಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಅದು ಎದ್ದು ತಟ್ಟೆಯ ಕಡೆ ನಡೆಯಿತು.

ವೈದ್ಯರು ನನ್ನನ್ನು ಗದರಲಿಲ್ಲ. ಕಿರ್ದಿಯನ್ನು ತಿರುವಿ, ಖಾಲಿ ಸಾಲುಗಳ ಮೇಲೆ ಬೆರಳಿಟ್ಟು, "ಊಟ ಬದಲಾದ ದಿನ ಡೋಸೂ ಬದಲಾಗಬೇಕಿತ್ತು ಸಾರ್" ಎಂದರು. ಪಿಷ್ಟ ಕಡಿಮೆಯಾದರೆ ಕೆಲವೇ ದಿನಗಳಲ್ಲಿ ಇನ್ಸುಲಿನ್ನಿನ ಅಗತ್ಯ ಅರ್ಧಕ್ಕಿಂತ ಕೆಳಗಿಳಿಯಬಹುದು. ಆದುದರಿಂದ ಆಹಾರವನ್ನು ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು, ಮೊದಲೇ ವೈದ್ಯರಿಗೆ ತಿಳಿಸಿ ಡೋಸನ್ನು ಇಳಿಸಿಕೊಂಡಿರಬೇಕು, ಆ ದಿನಗಳಲ್ಲಿ ಅಳತೆ ಒಂದೂ ತಪ್ಪಬಾರದು. ಸೂಜಿಯ ಮೊದಲಿನ ಅಂಕಿ ಎಷ್ಟಕ್ಕಿಂತ ಕಡಿಮೆಯಿದ್ದರೆ ಸೂಜಿಯನ್ನು ತಡೆಹಿಡಿಯಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ನಮ್ಮ ಕಿರ್ದಿಯ ಮೊದಲ ಪುಟದಲ್ಲಿ ಅದು ಕೆಂಪು ಶಾಯಿಯಲ್ಲಿದೆ.

ಸಿರಿಂಜಿನ ಬಗ್ಗೆಯೂ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಮತ್ತು 100 ಯೂನಿಟ್. ಗ್ಲಾರ್ಜಿನ್ ಸಾಮಾನ್ಯವಾಗಿ ನೂರರದು. ಸಿರಿಂಜುಗಳೂ ಎರಡು ಬಗೆ. ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಮುಚ್ಚಳ ಇರುವುದು ವಾಡಿಕೆ. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ ಒಂದು ಗೆರೆಗೆ ಎಳೆದರೆ ಒಳಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ಎಪ್ಪತ್ತು ಕಿಲೋ ಮನುಷ್ಯನಿಗೆ ಆ ಒಂದೂವರೆ ಯೂನಿಟ್ಟಿನ ಹೆಚ್ಚುವರಿ ಅಷ್ಟೇನೂ ಅಲ್ಲ. ಐದು ಕಿಲೋ ಬೆಕ್ಕಿಗೆ ಅದು ಪ್ರಾಣದ ಮಾತು. ಔಷಧಿ ಅಂಗಡಿಯವರು ಕೊಟ್ಟದ್ದನ್ನು ಜೇಬಿಗೆ ಹಾಕಿಕೊಳ್ಳುವ ಮೊದಲು ಸೀಸೆಯ ಅಂಕಿ ಮತ್ತು ಸಿರಿಂಜಿನ ಅಂಕಿ ತಾಳೆಯಾಗುತ್ತವೆಯೇ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ನಮ್ಮ ಊರಿನ ಸೆಖೆಗೆ ಸೀಸೆ ಫ್ರಿಜ್ಜಿನಲ್ಲಿಯೇ ಇರಲಿ. ಆದರೆ ಮಂಜುಗಡ್ಡೆಯ ಖಾನೆಯಲ್ಲಿ ಅಲ್ಲ.

ಅನಂತರದ ಕಿರ್ದಿ

ಮಾರ್ಚ್ ಕೊನೆಗೆ ಡೋಸು ಒಂದು ಯೂನಿಟ್ಟಿಗೆ ಇಳಿಯಿತು. ಜೂನ್‌ನಲ್ಲಿ ಅರ್ಧ ಯೂನಿಟ್. ಆಗಸ್ಟ್ ಎರಡನೆಯ ವಾರದಿಂದ ಇನ್ಸುಲಿನ್ ಪೂರ್ತಿ ನಿಂತಿತು. ಅಂಕಿಗಳು 90ರಿಂದ 130ರ ನಡುವೆ ನೆಲೆಸಿದವು. ಬೆಕ್ಕುಗಳಲ್ಲಿ ಇದು ಪವಾಡವೇನಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಜ್ಯಾಕಿ ರಾಂಡ್ ಮತ್ತು ಕರ್ಸ್ಟನ್ ರೂಂಪ್ 2009ರಲ್ಲಿ 55 ಬೆಕ್ಕುಗಳ ದಾಖಲೆಗಳನ್ನು ಪ್ರಕಟಿಸಿದರು. ಎಲ್ಲವೂ ಮಾಲೀಕರು ಮನೆಯಲ್ಲಿಯೇ ಅಳೆದು, ಕಡಿಮೆ ಪಿಷ್ಟದ ಆಹಾರ ಮತ್ತು ಗ್ಲಾರ್ಜಿನ್ ಕೊಟ್ಟ ಬೆಕ್ಕುಗಳು. ಅವುಗಳಲ್ಲಿ ನೂರಕ್ಕೆ 64 ಇನ್ಸುಲಿನ್ ಬೇಡವಾಗುವ ಸ್ಥಿತಿ ತಲುಪಿದವು. ರೋಗ ತಿಳಿದ ಆರು ತಿಂಗಳೊಳಗೆ ಈ ಬಿಗಿಯಾದ ಕ್ರಮ ಆರಂಭಿಸಿದವುಗಳಲ್ಲಿ ಈ ಪ್ರಮಾಣ 84, ತಡಮಾಡಿದವುಗಳಲ್ಲಿ 35. ನಾನು ಕಳೆದ ಎರಡು ತಿಂಗಳ ನೆವ ಎಷ್ಟು ದುಬಾರಿಯಾಗಬಹುದಿತ್ತೆಂದು ಈ ಅಂಕಿಗಳನ್ನು ಓದಿದಾಗ ತಿಳಿಯಿತು. ಹಿಂಗಾಲುಗಳೂ ನಿಧಾನವಾಗಿ ಚೇತರಿಸಿದವು. ದೀಪಾವಳಿಯ ಹೊತ್ತಿಗೆ ಅದು ಮತ್ತೆ ಕಡತಗಳ ಮೇಲೆ ಇತ್ತು.

ಈ ನಡುವೆ ಸೂಜಿಯಿಲ್ಲದ ಔಷಧಗಳೂ ಬಂದಿವೆ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರ ಡಿಸೆಂಬರ್‌ನಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬೆಕ್ಕುಗಳಿಗಾಗಿಯೇ ಅನುಮತಿ ದೊರೆಯಿತು. ಇವುಗಳನ್ನು ಮೊದಲೇ ಇನ್ಸುಲಿನ್ ಪಡೆದಿರದ ಬೆಕ್ಕುಗಳಿಗೆಂದು ಹೇಳಲಾಗಿದೆ. ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ಮನೆಯವರ ಮಾತ್ರೆಯ ಡಬ್ಬಿಯಿಂದ ಅರ್ಧ ಮುರಿದು ಬೆಕ್ಕಿಗೆ ಹಾಕುವ ಯೋಚನೆ ಯಾರಿಗೂ ಬರದಿರಲಿ.

ಖರ್ಚಿನ ಮಾತಿಲ್ಲದೆ ಈ ಪತ್ರಿಕೆಯಲ್ಲಿ ಲೇಖನವೇ? ಮೀಟರು ಮನೆಯಲ್ಲಿತ್ತು. ಸ್ಟ್ರಿಪ್ಪು ಒಂದಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು, ದಿನಕ್ಕೆ ಎರಡು ಮೂರು. ಇನ್ಸುಲಿನ್ ಬೆಕ್ಕಿಗೆ ಬೇಕಾಗುವುದು ತೊಟ್ಟು ಮಾತ್ರ. ದೊಡ್ಡ ಬಾಬತ್ತು ಕೋಳಿ, ಮೊಟ್ಟೆಯದು. ಒಬ್ಬ ಸದಸ್ಯರು ಗೋದಾಮಿನ ಬೆಕ್ಕಿನ ವೆಚ್ಚವನ್ನು ವ್ಯವಹಾರದ ಖರ್ಚಿಗೆ ಹಾಕಬಹುದೇ ಎಂದು ಕೇಳಿದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ 36ನೇ ಕಲಂ, ವ್ಯವಹಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಅದರ ಕೊಂಡ ಬೆಲೆಯನ್ನು ಕಳೆಯಲು ಅವಕಾಶ ಕೊಟ್ಟಿತ್ತು. ಗೋಣಿಚೀಲದ ನಡುವೆ ಹುಟ್ಟಿದ ಬೆಕ್ಕಿನ ಕೊಂಡ ಬೆಲೆ ಸೊನ್ನೆ; ಕಳೆಯುವುದೂ ಸೊನ್ನೆ. ಕೆಂಚನ ಖರ್ಚನ್ನು ನಾನು ನನ್ನ ಸ್ವಂತ ಖಾತೆಗೆ ಬರೆದುಕೊಂಡಿದ್ದೇನೆ.

ಇನ್ಸುಲಿನ್ ಇಲ್ಲದ ಅವಧಿ ಹದಿನೇಳು ತಿಂಗಳು ನಡೆಯಿತು. 2025ರ ಜನವರಿಯಲ್ಲಿ ಚರ್ಮದ ಕಜ್ಜಿಗೆಂದು, ನಾನು ಊರಲ್ಲಿಲ್ಲದಾಗ, ಹಳೆಯ ರೋಗದ ವಿಷಯ ಗೊತ್ತಿಲ್ಲದ ಒಬ್ಬರಿಂದ ಒಂದು ಸ್ಟಿರಾಯ್ಡ್ ಸೂಜಿ ಹಾಕಿಸಲಾಯಿತು. ಸ್ಟಿರಾಯ್ಡುಗಳು ಬೆಕ್ಕಿನಲ್ಲಿ ಸಕ್ಕರೆಯನ್ನು ಕೆರಳಿಸುತ್ತವೆ. ಮನೆಯವರು ಕಿರ್ದಿಯನ್ನು ಜೊತೆಗೆ ಒಯ್ದಿದ್ದರೆ ಅವರೂ ಹಾಕುತ್ತಿರಲಿಲ್ಲ. ವಾರದ ಅಳತೆಯಲ್ಲಿ 270 ಬಂದದ್ದರಿಂದ ಬೇಗ ತಿಳಿಯಿತು, ಬಕೆಟ್ಟಿನ ನೀರು ಖಾಲಿಯಾಗುವವರೆಗೆ ಕಾಯಬೇಕಾಗಲಿಲ್ಲ. ಮತ್ತೆ ಒಂದು ಯೂನಿಟ್ಟಿನಿಂದ ಆರಂಭಿಸಿದೆವು. ಈ ಸಲ ಅದು ಪೂರ್ತಿ ಬಿಡಲಿಲ್ಲ. ದಿನಕ್ಕೆರಡು ಬಾರಿ ಅರ್ಧರ್ಧ ಯೂನಿಟ್ಟಿನಲ್ಲಿ ನಿಂತಿದೆ. ನಾನು ಬೆಂಗಳೂರಿಗೆ ಹೋದ ದಿನಗಳಲ್ಲಿ ಕಚೇರಿಯ ಹುಡುಗ ಅಳೆದು, ಸೂಜಿ ಹಾಕಿ, ಕಿರ್ದಿ ಬರೆದು, ಪುಟದ ಚಿತ್ರವನ್ನು ನನಗೂ ವೈದ್ಯರಿಗೂ ಕಳುಹಿಸುತ್ತಾನೆ. ಅವನ ಕೈ ನನ್ನದಕ್ಕಿಂತ ಸ್ಥಿರ.

ಕೆಂಚನಿಗೆ ಈಗ ಹದಿಮೂರು ದಾಟಿದೆ. ತೂಕ ಐದು ಕಿಲೋ ನೂರು ಗ್ರಾಂ. ಈ ಲೇಖನವನ್ನು ಬರೆದು ಮುಗಿಸಿದ ದಿನದ ಬೆಳಗಿನ ಅಂಕಿ 138.